ಪೊಟ್ಟಣದ ಮೇಲಿನ ಮಾತು ಸತ್ಯವಾಗಿರಲಿ

ದಿನಸಿ ಸಾಮಾನು ನಮ್ಮ ಮನೆಗಳಿಗೆ ಬರುವ ದಾರಿ ಕೆಲವೇ ವರ್ಷಗಳಲ್ಲಿ ಬದಲಾಗಿದೆ. ಹಿಂದೆ ಚೀಲ ಹಿಡಿದು ಹಂಪನಕಟ್ಟೆಗೋ ಕಂಕನಾಡಿಗೋ ಹೋಗುತ್ತಿದ್ದೆವು. ಕುಚ್ಚಲಕ್ಕಿಯನ್ನು ಅಂಗೈಗೆ ಹಾಕಿ ನೋಡುತ್ತಿದ್ದೆವು. ಮೆಣಸನ್ನು ಮುರಿದು ಮೂಸುತ್ತಿದ್ದೆವು. ತೆಂಗಿನೆಣ್ಣೆಯ ಪರಿಮಳ ನೋಡಿಯೇ ಬಾಟಲಿ ತುಂಬಿಸಿಕೊಳ್ಳುತ್ತಿದ್ದೆವು. ಇಂದು ಅನೇಕ ಮನೆಗಳಲ್ಲಿ ಈ ಕೆಲಸವನ್ನೆಲ್ಲ ಮೊಬೈಲ್ ಮಾಡುತ್ತದೆ. ಮಗ ಕೊಲ್ಲಿ ರಾಷ್ಟ್ರದಲ್ಲಿರುತ್ತಾನೆ, ಮಗಳು ಬೆಂಗಳೂರಿನಲ್ಲಿರುತ್ತಾಳೆ. ಅಲ್ಲಿಂದಲೇ ಅವರು ಮಂಗಳೂರಿನಲ್ಲಿರುವ ವೃದ್ಧ ತಂದೆತಾಯಿಗೆ ಅಕ್ಕಿ, ಬೇಳೆ, ತುಪ್ಪ ಕಳುಹಿಸುತ್ತಾರೆ. ಮೆಟ್ಟಿಲು ಇಳಿಯಲಾಗದವರಿಗೆ, ಕಾಯಿಲೆಯಲ್ಲಿರುವವರಿಗೆ ಇದು ದೊಡ್ಡ ಉಪಕಾರ. ಆದ್ದರಿಂದ ಆನ್‌ಲೈನ್ ವ್ಯಾಪಾರವೇ ಕೆಟ್ಟದ್ದು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಒಂದು ವ್ಯತ್ಯಾಸವನ್ನು ನಾವು ಗಮನಿಸಬೇಕು. ಅಂಗಡಿಯಲ್ಲಿ ನಾವು ಸಾಮಾನನ್ನು ನೋಡಿ ಕೊಳ್ಳುತ್ತೇವೆ. ಮೊಬೈಲಿನಲ್ಲಿ ಒಂದು ಚಿತ್ರವನ್ನೂ ಕೆಲವು ಮಾತುಗಳನ್ನೂ ನಂಬಿ ಕೊಳ್ಳುತ್ತೇವೆ. ಕಣ್ಣು, ಕೈ, ಮೂಗು ಮಾಡುತ್ತಿದ್ದ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಮಾರುವವನ ಮಾತೇ ನಮ್ಮ ಏಕೈಕ ಆಧಾರ. ಆ ಮಾತು ಸುಳ್ಳಾದರೆ ಏನಾಗುತ್ತದೆ? ಕದಿಯಬಾರದು ಎನ್ನುವ ಏಳನೆಯ ಕಟ್ಟಳೆಯೂ, ಸುಳ್ಳು ಸಾಕ್ಷಿ ಹೇಳಬಾರದು ಎನ್ನುವ ಎಂಟನೆಯ ಕಟ್ಟಳೆಯೂ ಒಂದೇ ಪೊಟ್ಟಣದಲ್ಲಿ ಮುರಿಯಲ್ಪಡುತ್ತವೆ. ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ಅಭ್ಯಾಸ ಮಾಡೋಣ.

ಇನ್ನೊಬ್ಬರ ಹೆಸರಿನಲ್ಲಿ ವ್ಯಾಪಾರ

2024ರ ಜನವರಿಯ ಘಟನೆಯೊಂದನ್ನು ನೆನಪಿಸಿಕೊಳ್ಳಿ. ಆ ತಿಂಗಳ 22ರಂದು ಅಯೋಧ್ಯೆಯಲ್ಲಿ ರಾಮಮಂದಿರದ ಪ್ರಾಣಪ್ರತಿಷ್ಠೆ ನಡೆಯುವುದಿತ್ತು. ಅದಕ್ಕೆ ಕೆಲವು ದಿನ ಮೊದಲೇ ಅಮೆಜಾನ್ ಮಾರುಕಟ್ಟೆಯಲ್ಲಿ 'ಅಯೋಧ್ಯೆ ರಾಮಮಂದಿರದ ಪ್ರಸಾದ' ಎಂಬ ಹೆಸರಿನಲ್ಲಿ ಲಾಡು, ಪೇಡೆಗಳು ಮಾರಾಟಕ್ಕೆ ಬಂದವು. ಅವು ಯಾರೋ ಮಾರಾಟಗಾರರ ಸಾಧಾರಣ ಮಿಠಾಯಿಗಳು ಎಂದು ವರ್ತಕರ ಒಕ್ಕೂಟವೊಂದು ದೂರು ಕೊಟ್ಟಿತು. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಮೆಜಾನ್‌ಗೆ ನೋಟೀಸು ಕಳುಹಿಸಿ, ಏಳು ದಿನಗಳೊಳಗೆ ಉತ್ತರ ಕೊಡಬೇಕೆಂದು ಹೇಳಿತು. ಇಂಥ ಸಾಮಾನುಗಳ ಮೇಲೆ ಕ್ರಮ ಕೈಗೊಳ್ಳುತ್ತಿರುವುದಾಗಿ ಕಂಪೆನಿ ತಿಳಿಸಿತು.

ಇಲ್ಲಿ ಮೋಸ ಯಾವುದು? ಆ ಲಾಡು ತಿನ್ನಲು ಚೆನ್ನಾಗಿಯೇ ಇದ್ದಿರಬಹುದು. ಆದರೆ ಜನರು ಹಣ ಕೊಟ್ಟದ್ದು ಸಕ್ಕರೆಗೂ ತುಪ್ಪಕ್ಕೂ ಅಲ್ಲ, 'ಪ್ರಸಾದ' ಎಂಬ ಮಾತಿಗೆ. ನಮ್ಮ ನೆರೆಯ ಹಿಂದೂ ಬಾಂಧವರ ಭಕ್ತಿಯನ್ನು ಯಾರೋ ವ್ಯಾಪಾರದ ಸರಕು ಮಾಡಿಕೊಂಡರು. ನಾಳೆ ವೇಲಾಂಕಣಿಯ ಎಣ್ಣೆ ಎಂದೋ ಲೂರ್ದಿನ ನೀರು ಎಂದೋ ಯಾರಾದರೂ ನಲ್ಲಿ ನೀರನ್ನು ಮಾರಿದರೆ ನಮಗೆ ಹೇಗನಿಸೀತು? ಅವರಿಗಾದ ನೋವೂ ಅಂಥದ್ದೇ.

ಹೆಸರಿನ ಈ ಕಳ್ಳತನ ಮೊಬೈಲಿನಿಂದಲೇ ಹುಟ್ಟಿದ್ದಲ್ಲ. ನಮ್ಮ ರಾಜ್ಯದ 'ನಂದಿನಿ' ತುಪ್ಪದ ಕಥೆಯನ್ನೇ ನೋಡಿ. 2021ರ ಡಿಸೆಂಬರಿನಲ್ಲಿ ಮೈಸೂರು ಬಳಿಯ ಹೊಸಹುಂಡಿಯಲ್ಲಿ ನಂದಿನಿಯ ಹೆಸರಿನಲ್ಲಿ ನಕಲಿ ತುಪ್ಪ ತಯಾರಿಸುತ್ತಿದ್ದ ಗೋದಾಮು ಪತ್ತೆಯಾಯಿತು. 2025ರ ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಇನ್ನೊಂದು ಜಾಲವನ್ನು ಹಿಡಿದರು. ತಮಿಳುನಾಡಿನಲ್ಲಿ ಕಲಬೆರಕೆ ತುಪ್ಪ ತಯಾರಿಸಿ, ನಂದಿನಿಯದೇ ಅಚ್ಚಿನ ಪ್ಯಾಕೆಟ್ ಮತ್ತು ಬಾಟಲಿಗಳಲ್ಲಿ ತುಂಬಿ ಮಾರುತ್ತಿದ್ದರೆಂದು ಪೊಲೀಸರು ಹೇಳಿದರು. ಆಗ ವಶಪಡಿಸಿಕೊಂಡ ತುಪ್ಪ 8,000 ಲೀಟರಿಗೂ ಹೆಚ್ಚು. ನಂದಿನಿ ಎಂಬ ಹೆಸರಿನ ಹಿಂದೆ ಪ್ರತಿದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಲಕ್ಷಾಂತರ ರೈತರ ದುಡಿಮೆ ಇದೆ. ಆ ಹೆಸರಿನ ನಂಬಿಕೆ ಹಾಳಾದರೆ ನಷ್ಟ ಅವರಿಗೂ ಆಗುತ್ತದೆ.

ನಮ್ಮ ಗಡಿಯಾಚೆಗಿನ ಕಾಸರಗೋಡನ್ನು ಒಳಗೊಂಡ ಕೇರಳದಲ್ಲಿ ತೆಂಗಿನೆಣ್ಣೆಯ ಕಥೆಯೂ ಹೀಗೆಯೇ. 2018ರ ಡಿಸೆಂಬರಿನಲ್ಲಿ ಅಲ್ಲಿನ ಆಹಾರ ಸುರಕ್ಷತಾ ಇಲಾಖೆ ಒಂದೇ ಸಲಕ್ಕೆ 74 ಬ್ರಾಂಡುಗಳ ತೆಂಗಿನೆಣ್ಣೆಯನ್ನು ನಿಷೇಧಿಸಿತು. ಕೇರಾಫೆಡ್ ಎಂಬ ಸಹಕಾರಿ ಸಂಸ್ಥೆಯ 'ಕೇರ' ಎಣ್ಣೆಗೆ ಒಳ್ಳೆಯ ಹೆಸರಿದ್ದುದರಿಂದ, ಅದನ್ನೇ ಹೋಲುವ ಹೆಸರುಗಳನ್ನು ಇಟ್ಟುಕೊಂಡು ಅನೇಕ ಎಣ್ಣೆಗಳು ಮಾರುಕಟ್ಟೆಗೆ ಬಂದಿದ್ದವು.

ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರದ ಉದಾಹರಣೆ ಬ್ಯಾಡಗಿ ಮೆಣಸಿನದು. ಕೋಳಿ ಗಸಿಗೂ ಮೀನು ಸಾರಿಗೂ ಬ್ಯಾಡಗಿ ಮೆಣಸೇ ಬೇಕೆಂದು ನಮ್ಮ ತಾಯಂದಿರು ಹೇಳುವುದು ಸುಮ್ಮನೆ ಅಲ್ಲ. ಅದರಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆತಿದೆ. ಅಂದರೆ, ಯಾವ ನಾಡಿನ ಯಾವ ತಳಿಗೆ ಆ ಹೆಸರು ಸಲ್ಲುತ್ತದೆ ಎಂಬುದನ್ನು ಕಾನೂನು ಗುರುತಿಸಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ದೊಡ್ಡ ಮಾರುಕಟ್ಟೆಗೆ ಆಂಧ್ರದಿಂದಲೂ ಬೇರೆ ತಳಿಯ ಮೆಣಸು ಬರುತ್ತದೆ. ಅದನ್ನು ಅದರದೇ ಹೆಸರಿನಲ್ಲಿ ಮಾರಿದರೆ ತಪ್ಪೇನೂ ಇಲ್ಲ. ಆದರೆ ಆನ್‌ಲೈನ್ ಮಾರಾಟಗಾರ ಯಾವುದೋ ಕೆಂಪು ಪುಡಿಗೆ 'ಅಸಲಿ ಬ್ಯಾಡಗಿ' ಎಂದು ಬರೆದರೆ ಅದನ್ನು ಅಲ್ಲಗಳೆಯಲು ನಮ್ಮ ಕೈಯಲ್ಲಿ ಮೆಣಸಿಲ್ಲ, ಬರೀ ಚಿತ್ರವಿದೆ. ಜನ ಯಾವ ಹೆಸರು ಟೈಪ್ ಮಾಡಿ ಹುಡುಕುತ್ತಾರೋ ಆ ಹೆಸರನ್ನೆಲ್ಲ ಶೀರ್ಷಿಕೆಗೆ ಸೇರಿಸಿದರೆ ಸಾಮಾನು ಮೇಲ್ಸಾಲಿನಲ್ಲಿ ಕಾಣುತ್ತದೆ. 'ಕೊಡಗಿನ ಜೇನು', 'ಗಾಣದ ಎಣ್ಣೆ', 'ಸಾವಯವ', 'ಅಜ್ಜಿಯ ಕೈರುಚಿ' ಎಂಬ ಮಾತುಗಳು ಹೀಗೆ ಎಲ್ಲೆಂದರಲ್ಲಿ ಅಂಟಿಕೊಳ್ಳುತ್ತಿವೆ.

ಬೆಲೆ ಏರುವ ಬಗೆ

ಎರಡನೆಯ ಮೋಸ ಬೆಲೆಯದು. ಪ್ಯಾಕೆಟಿನ ಮೇಲಿರುವ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ, ಸರಕಾರ ಗೊತ್ತುಮಾಡಿದ ಬೆಲೆ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಅದನ್ನು ಮುದ್ರಿಸುವವನು ತಯಾರಕ ಅಥವಾ ಪ್ಯಾಕ್ ಮಾಡಿದವನು. ಮುದ್ರಿಸಿದ ಮೇಲೆ ಅದಕ್ಕಿಂತ ಹೆಚ್ಚಿಗೆ ಯಾರೂ ಮಾರಬಾರದು, ಅಂಗಡಿಯಾಗಲಿ ಆನ್‌ಲೈನ್ ಆಗಲಿ. ಇಷ್ಟನ್ನು ಕಾನೂನು ಹೇಳುತ್ತದೆ. ಆದ್ದರಿಂದ ಎಂಆರ್‌ಪಿ ಎಂದರೆ ನ್ಯಾಯವಾದ ಬೆಲೆ ಎಂದು ಅರ್ಥವಲ್ಲ, ಮೀರಬಾರದ ಗಡಿ ಎಂದಷ್ಟೇ ಅರ್ಥ.

ಈ ಗಡಿಯನ್ನೇ ಎತ್ತರದಲ್ಲಿ ಇಟ್ಟುಕೊಳ್ಳುವುದು ಕೆಲವರ ಉಪಾಯ. ಒಂದು ಡಬ್ಬಿಗೆ 499 ರೂಪಾಯಿ ಎಂದು ಮುದ್ರಿಸಿ, ಅದಕ್ಕೆ ಗೀಟು ಎಳೆದು, 299 ರೂಪಾಯಿಗೆ 'ಶೇಕಡಾ 40 ರಿಯಾಯಿತಿ' ಎಂದು ತೋರಿಸುತ್ತಾರೆ ಎಂದಿಟ್ಟುಕೊಳ್ಳಿ. ಅಂಥದೇ ಸಾಮಾನು ನಮ್ಮ ಬೀದಿಯ ಜೀನಸಿನ ಅಂಗಡಿಯಲ್ಲಿ 240ಕ್ಕೆ ಸಿಗುತ್ತಿದ್ದರೆ ನಾವು ಉಳಿಸಿದ್ದು 200 ರೂಪಾಯಿಯಲ್ಲ, ಕಳೆದುಕೊಂಡದ್ದು 59 ರೂಪಾಯಿ.

ಇನ್ನೊಂದು ಉಪಾಯ ತೂಕದ್ದು. ಒಂದು ಕಿಲೋ ಎಂದು ನಮ್ಮ ಮನಸ್ಸು ಅಂದುಕೊಳ್ಳುತ್ತದೆ, ಚೀಲದಲ್ಲಿರುವುದು 800 ಗ್ರಾಂ. 800 ಗ್ರಾಮಿಗೆ 176 ರೂಪಾಯಿ, ಒಂದು ಕಿಲೋಗೆ 200 ರೂಪಾಯಿ ಎಂದಿದ್ದರೆ ಮೊದಲನೆಯದು ಅಗ್ಗವಾಗಿ ಕಾಣುತ್ತದೆ. ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 100 ಗ್ರಾಮಿಗೆ 22 ರೂಪಾಯಿ, ಎರಡನೆಯದಕ್ಕೆ 20 ರೂಪಾಯಿ ಬೀಳುತ್ತದೆ. ಈ ಗೊಂದಲ ತಪ್ಪಿಸಲೆಂದೇ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ಬೆಲೆ ಎಂಬುದನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಬಂದಿದೆ. ಅದನ್ನು ಓದುವ ಅಭ್ಯಾಸ ಮಾತ್ರ ನಮಗೆ ಇನ್ನೂ ಬಂದಿಲ್ಲ.

ಮೂರನೆಯ ಉಪಾಯ ಕೊನೆಯ ಗಳಿಗೆಯದು. ಆರಂಭದಲ್ಲಿ ಒಂದು ಬೆಲೆ ತೋರಿಸಿ, ಹಣ ಕಟ್ಟುವ ಹಂತದಲ್ಲಿ ಒಂದೊಂದೇ ಶುಲ್ಕ ಸೇರಿಸುತ್ತಾರೆ. ಕೆಲವೊಮ್ಮೆ ನಾವು ಕೇಳದ ಸಾಮಾನೂ ಬುಟ್ಟಿಯೊಳಗೆ ಸೇರಿರುತ್ತದೆ. ಕೇಂದ್ರ ಸರಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿದೆ. ಇವೆರಡೂ ಆ ಪಟ್ಟಿಯಲ್ಲಿವೆ.

ಸಂತ ತೋಮಸರು ಕೇಳಿದ ಪ್ರಶ್ನೆ

ಇದೆಲ್ಲ ಹೊಸ ಕಾಲದ ಸಮಸ್ಯೆ, ಹಳೆಯ ಶಾಸ್ತ್ರಗಳಿಗೆ ಇದು ತಿಳಿದೀತೇ ಎಂದು ಯಾರಾದರೂ ಕೇಳಬಹುದು. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥವಾದ 'ಸುಮ್ಮಾ ಥಿಯೊಲಾಜಿಯಾ'ದಲ್ಲಿ ಕೊಡುಕೊಳ್ಳುವಿಕೆಯ ಮೋಸಕ್ಕೆಂದೇ ಒಂದು ಇಡೀ ಪ್ರಶ್ನೆಯನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ಅವರು ಮಾರುವ ವಸ್ತುವಿನ ದೋಷಗಳನ್ನು ಮೂರಾಗಿ ವಿಂಗಡಿಸುತ್ತಾರೆ. ಹೇಳಿದ ವಸ್ತುವಿನ ಬದಲು ಬೇರೆ ವಸ್ತುವನ್ನೇ ಕೊಡುವುದು ಒಂದು. ಅಳತೆಯಲ್ಲಿ ಕಡಿಮೆ ಕೊಡುವುದು ಎರಡು. ಗುಣದಲ್ಲಿ ಕೀಳಾದದ್ದನ್ನು ಒಳ್ಳೆಯದೆಂದು ಕೊಡುವುದು ಮೂರು. ತಿಳಿದೂ ತಿಳಿದೂ ಹೀಗೆ ಮಾರಿದವನು ಪಾಪ ಮಾಡಿದವನಾಗುತ್ತಾನೆ, ಮಾತ್ರವಲ್ಲ ನಷ್ಟವನ್ನು ತುಂಬಿಕೊಡಲು ಬದ್ಧನಾಗುತ್ತಾನೆ ಎಂದು ಅವರು ಕಲಿಸುತ್ತಾರೆ. ತಿಳಿಯದೆ ಮಾರಿದವನಿಗೆ ಪಾಪವಿಲ್ಲ. ಆದರೆ ದೋಷ ಗೊತ್ತಾದ ಮೇಲೆ ಅವನೂ ನಷ್ಟ ತುಂಬಿಕೊಡಬೇಕು.

ನಮ್ಮ ದೇಶದ ಇಂದಿನ ಕಾನೂನನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಸುಳ್ಳು ಹೆಸರಿನ ಅಥವಾ ಸುಳ್ಳು ಲೇಬಲಿನ ಆಹಾರಕ್ಕೆ 3 ಲಕ್ಷ ರೂಪಾಯಿವರೆಗೆ, ಕೀಳು ಗುಣಮಟ್ಟದ ಆಹಾರಕ್ಕೆ 5 ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ವಿಧಿಸಬಹುದು. ತೂಕ ಮತ್ತು ಅಳತೆಯ ಮೋಸಕ್ಕೆ ಬೇರೆಯೇ ಕಾಯಿದೆ ಇದೆ. ವಸ್ತು, ಅಳತೆ, ಗುಣ ಎಂಬ ಅದೇ ಮೂರು ವಿಂಗಡಣೆ!

ಬೆಲೆಯ ಬಗ್ಗೆ ಸಂತರು ಹೇಳಿದ ಮಾತು ಇನ್ನೂ ಸೂಕ್ಷ್ಮವಾದದ್ದು. ವ್ಯಾಪಾರದಲ್ಲಿ ಲಾಭ ಪಡೆಯುವುದನ್ನು ಅವರು ಪಾಪವೆನ್ನುವುದಿಲ್ಲ. ಮನೆ ನಡೆಸಲು, ಬಡವರಿಗೆ ನೆರವಾಗಲು ಮಿತವಾದ ಲಾಭ ಯೋಗ್ಯವೇ. ನ್ಯಾಯಬೆಲೆಯನ್ನು ಕೂದಲು ಸೀಳಿದಂತೆ ಗೊತ್ತುಮಾಡಲಾಗದು, ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ ಎಂಬುದನ್ನೂ ಅವರು ಒಪ್ಪುತ್ತಾರೆ. ಆದರೆ ಕೊಳ್ಳುವವನಿಗೆ ಒಂದು ವಸ್ತುವಿನ ಅಗತ್ಯ ತೀವ್ರವಾಗಿದೆ ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸಬಹುದೇ? ಕೂಡದು ಎನ್ನುತ್ತಾರೆ. ಯಾಕೆಂದರೆ ಆ ಅಗತ್ಯ ಕೊಳ್ಳುವವನದು, ಮಾರುವವನದಲ್ಲ. ತನ್ನದಲ್ಲದ್ದನ್ನು ಯಾರೂ ಮಾರಬಾರದು.

ಈ ಒಂದು ವಿಚಾರ ನಮ್ಮ ಇಡೀ ಪ್ರಶ್ನೆಗೆ ಬೆಳಕು ಕೊಡುತ್ತದೆ. ಸಾಮಾನನ್ನು ಮನೆಬಾಗಿಲಿಗೆ ತಂದ ದುಡಿಮೆ, ಪ್ಯಾಕಿಂಗ್, ಪೆಟ್ರೋಲು ಮಾರುವವನ ಖರ್ಚುಗಳು. ಅವುಗಳಿಗೆ ಹಣ ಕೇಳುವುದು ನ್ಯಾಯ, ಅದನ್ನು ಮೊದಲೇ ಹೇಳಿದರೆ ಸಾಕು. ಆದರೆ ನಂದಿನಿ ಎಂಬ ಹೆಸರು ನಕಲಿ ತುಪ್ಪದವನದಲ್ಲ. ಬ್ಯಾಡಗಿ ಎಂಬ ಹೆಸರು ಬೇರೆ ಮೆಣಸಿನವನದಲ್ಲ. ವೃದ್ಧೆಯೊಬ್ಬರಿಗೆ ಅಂಗಡಿಗೆ ಹೋಗಲಾಗದ ಅಸಹಾಯಕತೆ, ದೂರದಲ್ಲಿರುವ ಮಗನಿಗೆ ಊರಿನ ಬೆಲೆ ತಿಳಿಯದ ಅಜ್ಞಾನ, ಭಕ್ತರ ಭಕ್ತಿ, ಇವು ಯಾವುವೂ ಮಾರುವವನ ಆಸ್ತಿಯಲ್ಲ. ಅವನು ಅವಕ್ಕೆ ಬೆಲೆ ಕಟ್ಟಿ ವಸೂಲು ಮಾಡಿದರೆ ತನ್ನದಲ್ಲದ್ದನ್ನು ಮಾರಿದಂತೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2409ನೆಯ ಪರಿಚ್ಛೇದದಲ್ಲಿ, ಇತರರ ಅಜ್ಞಾನವನ್ನೋ ಕಷ್ಟವನ್ನೋ ಬಳಸಿಕೊಂಡು ಬೆಲೆ ಏರಿಸುವುದನ್ನು ಏಳನೆಯ ಕಟ್ಟಳೆಗೆ ವಿರುದ್ಧವಾದ ಕೃತ್ಯಗಳ ಸಾಲಿನಲ್ಲಿ ಇರಿಸಿದೆ.

2020ರ ಮಾರ್ಚ್ ತಿಂಗಳನ್ನು ನಾವು ಯಾರೂ ಮರೆತಿಲ್ಲ. ಕೊರೊನಾ ಭಯದಲ್ಲಿ ಮಾಸ್ಕ್, ಸ್ಯಾನಿಟೈಸರುಗಳ ಬೆಲೆ ಹಲವು ಪಟ್ಟು ಏರಿದಾಗ, ಕೇಂದ್ರ ಸರಕಾರವೇ ಮಧ್ಯೆ ಬಂದು ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ಜನರ ಭಯವನ್ನು ಮಾರುವ ಹಕ್ಕು ಯಾರಿಗೂ ಇಲ್ಲವೆಂದು ಕಾನೂನು ಸಾರಿದ ಸಂದರ್ಭವದು.

ಪ್ರವಾದಿಯ ಕೋಪ

ಬೈಬಲಿನಲ್ಲಿ ಪ್ರವಾದಿ ಆಮೋಸನ ಗ್ರಂಥದ 8ನೆಯ ಅಧ್ಯಾಯವನ್ನು ಮನೆಮಂದಿ ಸೇರಿ ಓದಿ. ಸಬ್ಬತ್ ದಿನ ಯಾವಾಗ ಮುಗಿದೀತು, ಯಾವಾಗ ಧಾನ್ಯ ಮಾರಾಟಕ್ಕೆ ಇಡೋಣ ಎಂದು ಚಡಪಡಿಸುವ ವರ್ತಕರನ್ನು ಅವನು ಚಿತ್ರಿಸುತ್ತಾನೆ. ಅವರು ಕೊಳಗವನ್ನು ಕಿರಿದು ಮಾಡುತ್ತಾರೆ, ಬೆಲೆಯನ್ನು ಹಿರಿದು ಮಾಡುತ್ತಾರೆ, ತಕ್ಕಡಿಯಲ್ಲಿ ಮೋಸ ಮಾಡುತ್ತಾರೆ, ಕಡೆಗೆ ಗೋದಿಯ ಕಸವನ್ನೂ ಮಾರುತ್ತಾರೆ. ಅಳತೆ, ಬೆಲೆ, ಗುಣ ಎಲ್ಲವೂ ಒಂದೇ ಚಿತ್ರದಲ್ಲಿ ಬಂದುಬಿಟ್ಟಿವೆ! ಪ್ರವಾದಿ ಸಿಟ್ಟಾಗುವುದು ಬಡವನ ಅನ್ನದಲ್ಲಿ ಆಟವಾಡಿದ್ದಕ್ಕೆ. ಶ್ರೀಮಂತನಿಗೆ 59 ರೂಪಾಯಿ ಹೋದರೆ ತಿಳಿಯುವುದೂ ಇಲ್ಲ. ಪಿಂಚಣಿಯಲ್ಲಿ ಬದುಕುವವರಿಗೆ, ಮನೆಗೆಲಸ ಮಾಡಿ ಸಂಸಾರ ಸಾಗಿಸುವ ತಾಯಿಗೆ ಅದು ಒಂದು ಹೊತ್ತಿನ ಮೀನು, ಮಗುವಿನ ಹಾಲು.

ಸಿರಾಖನ ಗ್ರಂಥದಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಎರಡು ಕಲ್ಲುಗಳ ಸಂದಿಯಲ್ಲಿ ಗೂಟ ಸಿಕ್ಕಿಕೊಳ್ಳುವಂತೆ ಕೊಡುಕೊಳ್ಳುವಿಕೆಯ ಮಧ್ಯೆ ಪಾಪ ಸಿಕ್ಕಿಕೊಳ್ಳುತ್ತದೆ ಎಂಬ ಭಾವದ ಮಾತು ಅದು. ಸಂದಿ ಅಗಲವಾದಷ್ಟೂ ಗೂಟ ಆಳಕ್ಕೆ ಇಳಿಯುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ಮುಖಪರಿಚಯವೇ ಇಲ್ಲದ ಇಂದಿನ ವ್ಯಾಪಾರದಲ್ಲಿ ಆ ಸಂದಿ ಎಷ್ಟು ಅಗಲವಾಗಿದೆ ಎಂದು ಯೋಚಿಸಿ.

'ನಾವು ಜಾಗ ಕೊಟ್ಟವರು ಮಾತ್ರ'

ಮೋಸ ಬಯಲಾದಾಗ ಆನ್‌ಲೈನ್ ಕಂಪೆನಿಗಳು ಸಾಮಾನ್ಯವಾಗಿ ಒಂದು ಉತ್ತರ ಕೊಡುತ್ತವೆ. ಮಾರಿದವರು ಬೇರೆಯವರು, ನಾವು ಸಂತೆಗೆ ಜಾಗ ಕೊಟ್ಟವರು ಮಾತ್ರ ಎಂದು. ಈ ಮಾತಿನಲ್ಲಿ ಸತ್ಯದ ಅಂಶವಿದೆ. ಲಕ್ಷಾಂತರ ಸಾಮಾನುಗಳನ್ನು ಒಂದೊಂದಾಗಿ ತೆರೆದು ನೋಡುವುದು ಸಾಧ್ಯವಿಲ್ಲ. ಆದರೂ ಪ್ರತಿಯೊಂದು ಮಾರಾಟದಲ್ಲಿ ತಮ್ಮ ಪಾಲಿನ ಕಮಿಷನ್ ಪಡೆಯುವವರು ಹೊಣೆಯಿಂದ ಪೂರ್ತಿಯಾಗಿ ಕೈತೊಳೆದುಕೊಳ್ಳಬಹುದೇ? ಇನ್ನೊಬ್ಬರ ಪಾಪಕ್ಕೆ ತಿಳಿದು ಸಹಕರಿಸಿದವನೂ, ತಡೆಯಬೇಕಾದ ಸ್ಥಾನದಲ್ಲಿದ್ದು ತಡೆಯದವನೂ ಅದರಲ್ಲಿ ಪಾಲುದಾರ ಎಂಬುದು ಧರ್ಮಸಭೆಯ ಬೋಧನೆ.

ಕಾನೂನೂ ಈ ದಿಕ್ಕಿನಲ್ಲಿ ಸಾಗಿದೆ. 2022ರ ಆಗಸ್ಟಿನಲ್ಲಿ, ಗುಣಮಟ್ಟದ ಗುರುತಿಲ್ಲದ 2,265 ಪ್ರೆಶರ್ ಕುಕ್ಕರುಗಳು ತನ್ನ ಮಾರುಕಟ್ಟೆಯ ಮೂಲಕ ಮಾರಾಟವಾದದ್ದಕ್ಕೆ ಅಮೆಜಾನ್‌ಗೆ ಒಂದು ಲಕ್ಷ ರೂಪಾಯಿ ದಂಡ ವಿಧಿಸಿ, ಕುಕ್ಕರುಗಳನ್ನು ಹಿಂದಕ್ಕೆ ಪಡೆದು ಗ್ರಾಹಕರಿಗೆ ಹಣ ಮರಳಿಸಬೇಕೆಂದು ಪ್ರಾಧಿಕಾರ ಆದೇಶಿಸಿತು. ಅದೇ ತಿಂಗಳು ಫ್ಲಿಪ್‌ಕಾರ್ಟ್‌ಗೂ ಅಂಥದೇ ಆದೇಶ ಹೋಯಿತು. 2020ರ ಜುಲೈ 23ರಂದು ಪ್ರಕಟವಾದ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರ ಯಾರು, ಅವನ ವಿಳಾಸ ಎಲ್ಲಿ ಎಂಬುದನ್ನು ಕಂಪೆನಿ ತೋರಿಸಬೇಕು. ದೂರು ಕೇಳಲು ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರು ಮುಟ್ಟಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ನಮ್ಮ ಮನೆಯ ವ್ಯಾಪಾರ

ಇಷ್ಟು ಹೊತ್ತು ಹೊರಗಿನವರ ಮಾತಾಯಿತು. ಈಗ ನಮ್ಮ ಮನೆಯ ಮಾತು. ಇಂದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಅನೇಕ ತಾಯಂದಿರು, ಯುವಜನರು ಉಪ್ಪಿನಕಾಯಿ, ಮಸಾಲೆ ಪುಡಿ, ಕ್ರಿಸ್ಮಸ್ ಕುಸ್ವಾರ್ ತಯಾರಿಸಿ ಮೊಬೈಲಿನ ಮೂಲಕ ಮಾರುತ್ತಾರೆ. ಇದು ಮೆಚ್ಚಬೇಕಾದ ದುಡಿಮೆ, ನಾವು ಅವರಿಂದ ಕೊಂಡು ಪ್ರೋತ್ಸಾಹ ಕೊಡಬೇಕು. ಆದರೆ 'ಮನೆಯಲ್ಲೇ ಮಾಡಿದ್ದು' ಎಂದು ಬರೆದ ಡಬ್ಬಿಯೊಳಗಿನ ನೆವ್ರಿ, ಕಿಡಿಯೊ ನಿಜವಾಗಿ ಮನೆಯಲ್ಲೇ ಮಾಡಿದ್ದಾಗಿರಬೇಕು. ಬೇಕರಿಯಿಂದ ಸಗಟಾಗಿ ತಂದು ನಮ್ಮ ಸ್ಟಿಕ್ಕರ್ ಅಂಟಿಸಿದರೆ ನಾವೂ ಆ ಪ್ರಸಾದದ ಲಾಡು ಮಾರಿದವರ ಸಾಲಿಗೇ ಸೇರುತ್ತೇವೆ. ತಂದು ಮಾರುವುದು ತಪ್ಪಲ್ಲ, ತಂದದ್ದು ಎಂದು ಹೇಳಿ ಮಾರಬೇಕು. ಆಹಾರ ಮಾರುವ ಸಣ್ಣ ಉದ್ಯಮಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು ಎಂಬುದನ್ನೂ ಮರೆಯಬಾರದು. ಸ್ನೇಹಿತರ ಕೈಯಲ್ಲಿ ಐದು ನಕ್ಷತ್ರದ ಸುಳ್ಳು ಹೊಗಳಿಕೆ ಬರೆಸಿಕೊಳ್ಳುವುದೂ ಸುಳ್ಳು ಸಾಕ್ಷಿಯೇ.

ಕೊಳ್ಳುವವರೂ ಪೂರ್ತಿ ನಿರ್ದೋಷಿಗಳಲ್ಲ. ಕೊಳ್ಳುವಾಗ 'ಚೆನ್ನಾಗಿಲ್ಲ, ಚೆನ್ನಾಗಿಲ್ಲ' ಎಂದು ಹಳಿದು, ಮನೆಗೆ ಹೋದ ಮೇಲೆ ಲಾಭವಾಯಿತೆಂದು ಬೀಗುವವನನ್ನು ಜ್ಞಾನೋಕ್ತಿಗಳ ಗ್ರಂಥ 20ನೆಯ ಅಧ್ಯಾಯದಲ್ಲಿ ಕುಟುಕಿದೆ. ಅರ್ಧ ಬಳಸಿದ ಮೇಲೆ ಹಾಳಾಗಿದೆಯೆಂದು ಸುಳ್ಳು ಹೇಳಿ ಹಣ ವಾಪಸು ಪಡೆಯುವುದು ಚಾಣಾಕ್ಷತನವಲ್ಲ, ಕಳ್ಳತನ. ಮನೆಬಾಗಿಲಿಗೆ ಬರುವ ಮೀನಿನ ಬಾಯಿಯೊಡನೆ ಹತ್ತು ರೂಪಾಯಿಗೆ ಕಾಲು ಗಂಟೆ ಚೌಕಾಶಿ ಮಾಡಿ, ಮೊಬೈಲಿನಲ್ಲಿ ಐವತ್ತು ರೂಪಾಯಿ ಹೆಚ್ಚುವರಿ ಶುಲ್ಕವನ್ನು ಮಾತಿಲ್ಲದೆ ಕಟ್ಟುವುದು ಯಾವ ನ್ಯಾಯ?

ಮನೆಯಲ್ಲಿ ಪಾಲಿಸಲು ಕೆಲವು ನಿಯಮಗಳು

1. ಹಣ ಕಟ್ಟುವ ಮೊದಲು ಮೂರು ವಿಷಯ ನೋಡಿ: ಮಾರಾಟಗಾರನ ಹೆಸರು, ನಿವ್ವಳ ತೂಕ, ಎಂಆರ್‌ಪಿ. ತಯಾರಕನ ಹೆಸರು ವಿಳಾಸ, ಯಾವ ದೇಶದ್ದು ಎಂಬುದು, ತೂಕ, ಬೆಲೆ ಇವನ್ನು ಆನ್‌ಲೈನ್ ಪುಟದಲ್ಲಿಯೂ ತೋರಿಸಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಪೊಟ್ಟಣದ ಹಿಂಬದಿಯ ಚಿತ್ರವೇ ಇಲ್ಲದ ಸಾಮಾನನ್ನು ಕೊಳ್ಳದಿರುವುದು ಲೇಸು.

2. 100 ಗ್ರಾಮಿನ ಲೆಕ್ಕ ಹಾಕಿ. ಈ ಕೆಲಸವನ್ನು ಮಕ್ಕಳಿಗೆ ಕೊಡಿ, ಗಣಿತವೂ ಬರುತ್ತದೆ, ವಿವೇಕವೂ ಬರುತ್ತದೆ.

3. ಪಾರ್ಸೆಲ್ ಬಂದಾಗ 14 ಅಂಕೆಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ, ಬೆಲೆಯ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದ್ದಾರೆಯೇ, ಅವಧಿ ಎಂದು ಮುಗಿಯುತ್ತದೆ ಎಂದು ನೋಡಿ. ಸಾಮಾನು ತಲುಪುವಾಗ ಅದರ ಒಟ್ಟು ಅವಧಿಯ ಶೇಕಡಾ 30 ಅಥವಾ 45 ದಿನಗಳಾದರೂ ಉಳಿದಿರಬೇಕೆಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರಿನಲ್ಲಿ ಆನ್‌ಲೈನ್ ಕಂಪೆನಿಗಳಿಗೆ ಸೂಚಿಸಿದೆ.

4. ಸಂಶಯವಿದ್ದರೆ ಪಾರ್ಸೆಲ್ ಬಿಚ್ಚುವಾಗಲೇ ಫೋಟೊ ತೆಗೆಯಿರಿ. ಬಿಲ್ಲನ್ನೂ ಖಾಲಿ ಪೊಟ್ಟಣವನ್ನೂ ಎಸೆಯಬೇಡಿ.

5. ಮೊದಲು ಕಂಪೆನಿಯ ದೂರು ಅಧಿಕಾರಿಗೆ ಬರೆಯಿರಿ. ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲಿಯೂ ಮಾತನಾಡಬಹುದು. ಅಲ್ಲಿಯೂ ಪರಿಹಾರವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯಿದೆಯ ಪ್ರಕಾರ ಮಾರಾಟಗಾರ ದೆಹಲಿಯಲ್ಲಿದ್ದರೂ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಕೊಡಬೇಕು.

6. ನೆರೆಮನೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ, ಅವರ ಪಾರ್ಸೆಲಿನ ಲೇಬಲನ್ನು ಓದಿ ಹೇಳಿ. ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣದು. ಇದೂ ಒಂದು ದಯಾಕಾರ್ಯ.

ಐವತ್ತು ರೂಪಾಯಿಗೆ ಯಾಕೆ ದೂರು, ಹೋಗಲಿ ಬಿಡಿ ಎಂದು ನಾವು ಅನ್ನುತ್ತೇವೆ. ಕ್ಷಮಿಸುವುದು ಕ್ರೈಸ್ತ ಗುಣವಲ್ಲವೇ ಎಂದೂ ಕೆಲವರು ಕೇಳಬಹುದು. ನನ್ನ ನಷ್ಟವನ್ನು ನಾನು ಕ್ಷಮಿಸಬಹುದು. ಆದರೆ ನಾಳೆ ಅದೇ ಬಲೆಗೆ ಬೀಳುವ ನೂರು ಮಂದಿಯ ನಷ್ಟವನ್ನು ಅವರ ಪರವಾಗಿ ಕ್ಷಮಿಸುವ ಅಧಿಕಾರ ನನಗಿಲ್ಲ. ಅದೂ ನನ್ನದಲ್ಲ. ಕೋಪವಿಲ್ಲದೆ, ಉತ್ಪ್ರೇಕ್ಷೆಯಿಲ್ಲದೆ, ನಡೆದದ್ದನ್ನು ನಡೆದಂತೆ ಬರೆದು ಕೊಟ್ಟ ದೂರು ನೆರೆಯವರ ಮೇಲಿನ ಪ್ರೀತಿಯ ಕೆಲಸವೇ.

ಮೋಸ ಮಾಡಿದವರಿಗೂ ದಾರಿ ಮುಚ್ಚಿಲ್ಲ. ಸಂತ ಲೂಕರ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಜಕ್ಕಾಯ ಯೇಸು ಸ್ವಾಮಿಯನ್ನು ಮನೆಗೆ ಬರಮಾಡಿಕೊಂಡಾಗ ಬರೀ ಕಣ್ಣೀರು ಹಾಕಲಿಲ್ಲ. ಲೆಕ್ಕ ತೆಗೆದ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದ. ಪಾಪನಿವೇದನೆಯಲ್ಲಿ ಕ್ಷಮೆ ಕೇಳುವವನು ಕದ್ದದ್ದನ್ನು ಹಿಂದೆ ಕೊಡಲೂ ಸಿದ್ಧನಿರಬೇಕು ಎಂಬುದನ್ನು ಆ ಮನೆಯಲ್ಲಿ ನಾವು ಕಲಿಯುತ್ತೇವೆ. ಮಾರುವವರಾಗಲಿ, ಕೊಳ್ಳುವವರಾಗಲಿ, ನಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬಂತಿರಲಿ. ಪೊಟ್ಟಣದ ಮೇಲಿನ ಮಾತೂ ಹಾಗೆಯೇ ಇರಲಿ.

ಕುಟುಂಬದಲ್ಲಿ ಚರ್ಚಿಸಲು

ಕಳೆದ ತಿಂಗಳು ನಮ್ಮ ಮನೆಗೆ ಬಂದ ಸಾಮಾನುಗಳಲ್ಲಿ ಹೆಸರನ್ನು ಮಾತ್ರ ನಂಬಿ ಕೊಂಡದ್ದು ಯಾವುದು? ಅದರ ಲೇಬಲನ್ನು ಈಗ ಒಟ್ಟಿಗೆ ಓದಿ ನೋಡೋಣವೇ?

ನಾವು ಏನನ್ನಾದರೂ ಮಾರುವವರಾಗಿದ್ದರೆ, ಕೊಳ್ಳುವವರಿಗೆ ಹೇಳದೆ ಉಳಿಸಿಕೊಂಡಿರುವ ವಿಷಯ ಏನಾದರೂ ಇದೆಯೇ?

ನಮ್ಮ ವಾಳೆಯಲ್ಲಿ ಆನ್‌ಲೈನ್ ಖರೀದಿಗೆ ಸಹಾಯ ಬೇಕಾಗಿರುವ ಹಿರಿಯರು ಯಾರು? ಈ ವಾರ ಅವರ ಮನೆಗೆ ಹೋಗಿ ಬರುವವರು ಯಾರು?